ಬ್ರಾಟ್‌ವರ್ಸ್ಟ್‌ಗೆ ಬಿಯರ್ ಬೇಕು, ಆದರೆ ಕೆಂಡ ಮುಟ್ಟಿದ ಮೇಲೆ

ಬೇಸಿಗೆ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್ ಕಡೆ ಹಿತ್ತಲಿನ ಗ್ರಿಲ್‌ಗಳು ಹೊರಗೆ ಬರುತ್ತವೆ. ಮಿಲ್ವಾಕಿ, ಮ್ಯಾಡಿಸನ್‌ಗಳಲ್ಲಿರುವ ಮಾಂಸಾಹಾರಿ ಕನ್ನಡದ ಮನೆಗಳಲ್ಲೂ ಬ್ರಾಟ್‌ವರ್ಸ್ಟ್ ಎಂಬ ಜರ್ಮನ್ ಸಾಸೇಜ್ ಈಗ ಹೊಸದಲ್ಲ. ಬಹಳ ಜನ ಮಾಡುವುದು ಹೀಗೆ: ಹಸಿ ಸಾಸೇಜನ್ನು ಪಾತ್ರೆಗೆ ಹಾಕಿ, ಮುಳುಗುವಷ್ಟು ಬಿಯರ್ ಸುರಿದು, ಕೊತಕೊತ ಕುದಿಸಿ, ಆಮೇಲೆ ಗ್ರಿಲ್ ಮೇಲಿಟ್ಟು ಬಣ್ಣ ಬರಿಸುವುದು. ಈ ಕ್ರಮ ಹಿಂದುಮುಂದಾಗಿದೆ. ಮೊದಲು ಕೆಂಡ, ಆಮೇಲೆ ಬಿಯರ್.

ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಮಿಶಿಗನ್ ಸರೋವರದ ದಂಡೆಯಲ್ಲಿರುವ ಶಿಬಾಯ್ಗನ್ ಊರಿನವರು 1953ರಲ್ಲೇ ಬ್ರಾಟ್‌ವರ್ಸ್ಟ್ ಹಬ್ಬ ಶುರು ಮಾಡಿದವರು. ಅವರ ಬಾಯಲ್ಲಿ ಅದು ‘ಬ್ರಾಟ್’, ಅದನ್ನು ಇದ್ದಿಲಿನ ಮೇಲೆ ಸುಡುವುದು ‘ಫ್ರೈ ಔಟ್’. ಹಸಿಯದನ್ನು ನೇರ ಕೆಂಡದ ಮೇಲಿಡಬೇಕು, ಮೊದಲೇ ಕುದಿಸಬಾರದು ಎನ್ನುವುದು ಅಲ್ಲಿನ ಹಳಬರ ಪಟ್ಟು. ಈ ತಿಂಡಿಗೆ ಹೆಸರಾದ ಜರ್ಮನಿಯ ತುರಿಂಗಿಯಾದಲ್ಲೂ ಇದ್ದಿಲೇ ಮೊದಲು. ಅಲ್ಲಿನ ಆರ್ನ್‌ಸ್ಟಾಟ್ ಊರಿನ ಕನ್ಯಾಮಠದ 1404ರ ಲೆಕ್ಕದಲ್ಲಿ ಬ್ರಾಟ್‌ವರ್ಸ್ಟ್ ತುಂಬುವ ಕರುಳಿಗೆ ಒಂದು ಗ್ರೋಷನ್ ನಾಣ್ಯ ಕೊಟ್ಟ ನಮೂದಿದೆ. ಅಷ್ಟು ಹಳೆಯ ಅಡುಗೆ ಇದು.

ಕುದಿಸಿದರೆ ಏನು ಕೆಡುತ್ತದೆ? ಬ್ರಾಟ್ ಎಂದರೆ ಹಂದಿಯ ಕರುಳಿನಲ್ಲಿ ತುಂಬಿದ ಕೈಮಾ. ಅದರಲ್ಲಿ ಕಾಲು ಭಾಗದಷ್ಟಾದರೂ ನೆಣ, ಜೊತೆಗೆ ಉಪ್ಪು, ಬಿಳಿ ಮೆಣಸು, ಜಾಯಿಕಾಯಿಯಂಥ ಮಸಾಲೆ. 100 ಡಿಗ್ರಿಯ ಹತ್ತಿರ ಕುದಿಯುವ ಬಿಯರ್‌ನಲ್ಲಿ ಮಾಂಸ ಬಿಗಿದುಕೊಂಡು ತನ್ನ ರಸವನ್ನು ತಾನೇ ಹಿಂಡಿ ಹೊರಹಾಕುತ್ತದೆ, ನೆಣ ಕರಗಿ ಒಳಗೆ ಒತ್ತಡ ಏರಿ ಚರ್ಮ ಒಡೆಯುತ್ತದೆ. ಉಪ್ಪು, ಮಸಾಲೆ ಬಿಯರ್ ಪಾಲಾಗುತ್ತವೆ. ಪಾತ್ರೆಯ ಮೇಲೆ ಜಿಡ್ಡು ನೊರೆ ಕಟ್ಟಿದ್ದು ಕಂಡರೆ ನಿಮ್ಮ ರುಚಿ ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ. ಇನ್ನೊಂದು ತೊಂದರೆ ಗ್ರಿಲ್ ಮೇಲೆ. ಚರ್ಮ ಕೆಂಪಗಾಗಲು ಮೇಲ್ಮೈ ಒಣಗಿ 140 ಡಿಗ್ರಿ ದಾಟಬೇಕು. ನೆನೆದ ಚರ್ಮ ಒಣಗುವ ಹೊತ್ತಿಗೆ, ಮೊದಲೇ ಬೆಂದಿದ್ದ ಒಳಭಾಗ ಇನ್ನಷ್ಟು ಬೆಂದು ಪುಡಿಪುಡಿಯಾಗುತ್ತದೆ.

ಬೆಂಕಿಯ ವಿಷಯಕ್ಕೆ ಬರೋಣ, ಏಕೆಂದರೆ ಅರ್ಧ ಕೆಲಸ ಅಲ್ಲೇ ಇದೆ. ಇದ್ದಿಲನ್ನು ಚಿಮಣಿಯಲ್ಲಿ (ಇದ್ದಿಲು ಹೊತ್ತಿಸುವ ಲೋಹದ ಕೊಳವೆ) ಹಾಕಿ ಕೆಳಗೆ ಕಾಗದ ಹಚ್ಚಿ. ದ್ರವ ಇಂಧನ ಸುರಿಯಬೇಡಿ, ಅದರ ವಾಸನೆ ಮಾಂಸಕ್ಕೆ ಹಿಡಿಯುತ್ತದೆ. 15ರಿಂದ 20 ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬಿಳಿ ಬೂದಿ ಕಟ್ಟುತ್ತದೆ. ಅಷ್ಟು ಕಾಯಲೇಬೇಕು. ಆತುರಪಟ್ಟರೆ ‘ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯ ಹಾಗೆ, ಬ್ರಾಟ್ ಇಳಿಸಿದ ಮೇಲೆ ಕೆಂಡ ಹದಕ್ಕೆ ಬರುತ್ತದೆ. ಕೆಂಡವನ್ನೆಲ್ಲ ಒಂದೇ ಬದಿಗೆ ಹರಡಿ, ಇನ್ನೊಂದು ಬದಿ ಖಾಲಿ ಬಿಡಿ. ಈ ಖಾಲಿ ಜಾಗವೇ ನಿಮ್ಮನ್ನು ಕಾಪಾಡುವುದು. ಜಾಲರಿಯಿಂದ ನಾಲ್ಕೈದು ಇಂಚು ಮೇಲೆ ಅಂಗೈ ಹಿಡಿದರೆ ಐದಾರು ಸೆಕೆಂಡ್ ತಡೆಯುವಂತಿದ್ದರೆ ಶಾಖ ಹದವಾಗಿದೆ. ಎರಡೇ ಸೆಕೆಂಡಿಗೆ ಕೈ ತೆಗೆಯಬೇಕಾದರೆ ಚರ್ಮ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ.

ಹೆಪ್ಪುಗಟ್ಟಿದ್ದರೆ ಫ್ರಿಜ್‌ನಲ್ಲೇ ಪೂರ್ತಿ ಕರಗಿಸಿ, ಬ್ರಾಟ್‌ಗಳನ್ನು ಕಾಗದದಿಂದ ಒರೆಸಿ ಕೆಂಡದ ಮೇಲಿನ ಜಾಲರಿಯಲ್ಲಿಡಿ. ಎರಡು ಮೂರು ನಿಮಿಷಕ್ಕೊಮ್ಮೆ ಇಕ್ಕಳದಿಂದ ಹೊರಳಿಸಿ, ಫೋರ್ಕ್ ಮುಟ್ಟಿಸಬೇಡಿ. ‘ನೆಣ ಇಳಿಯಲಿ’ ಎಂದು ಚುಚ್ಚುವವರಿದ್ದಾರೆ. ಆ ತೂತಿನಿಂದ ನೆಣದ ಜೊತೆ ರಸವೂ ಇಳಿದು, ಕೆಂಡಕ್ಕೆ ಬಿದ್ದು ಭಗ್ಗೆಂದು ಉರಿಯುತ್ತದೆ, ಮಸಿ ಹಿಡಿಯುತ್ತದೆ. ಉರಿ ಎದ್ದರೆ ಬ್ರಾಟ್‌ಗಳನ್ನು ಖಾಲಿ ಬದಿಗೆ ಸರಿಸಿ ಮುಚ್ಚಳ ಹಾಕಿ, ಗಾಳಿ ಸಿಗದೆ ತಾನೇ ತಗ್ಗುತ್ತದೆ. ಕೆಂಡಕ್ಕೆ ನೀರನ್ನಾಗಲಿ ಬಿಯರನ್ನಾಗಲಿ ಸುರಿದರೆ ಬೂದಿ ಎದ್ದು ಊಟದ ಮೇಲೆ ಕೂರುತ್ತದೆ. ನೂರು ಗ್ರಾಂ ಆಸುಪಾಸಿನ ಬ್ರಾಟ್‌ಗೆ ಸುಮಾರು 20 ನಿಮಿಷ ಬೇಕು. ಗಡಿಯಾರಕ್ಕಿಂತ ಥರ್ಮಾಮೀಟರ್ ನಂಬಿ: ತುದಿಯಿಂದ ನಡುವಿನವರೆಗೆ ತೂರಿಸಿ, 71 ಡಿಗ್ರಿ ಸೆಲ್ಸಿಯಸ್ ಬಂದರೆ ಇಳಿಸಿ. ಕೋಳಿಯ ಬ್ರಾಟ್ ಆದರೆ 74.

ಈಗ ಬಿಯರ್. ಹತ್ತು ಬ್ರಾಟ್‌ಗೆ ಎರಡು ದೊಡ್ಡ ಈರುಳ್ಳಿಯನ್ನು ಬಿಲ್ಲೆಯಾಗಿ ಹೆಚ್ಚಿ 60 ಗ್ರಾಂ ಬೆಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. 355 ಮಿಲಿಯ ಎರಡು ಕ್ಯಾನ್ ಲಾಗರ್ ಬಿಯರ್ ಸುರಿದು ಹತ್ತು ನಿಮಿಷ ಸಣ್ಣಗೆ ಕುದಿಸಿ, ಉರಿ ತಗ್ಗಿಸಿ. ಉಪ್ಪು ಬೇಡ, ಮಾಂಸದಲ್ಲೇ ಬೇಕಾದಷ್ಟಿದೆ. ಕಹಿ ಹೆಚ್ಚಿರುವ ಐಪಿಎ ಬಗೆಯ ಬಿಯರ್ ಬೇಡವೇ ಬೇಡ: ನೀರು ಆವಿಯಾದಂತೆ ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಗಟ್ಟಿಯಾಗುತ್ತ ಹೋಗುತ್ತದೆ, ಬೆಣ್ಣೆ ಕೂಡ ಅದನ್ನು ಮುಚ್ಚಲಾರದು. ಸುಟ್ಟ ಬ್ರಾಟ್‌ಗಳನ್ನು ಈ ಪಾತ್ರೆಗೆ ಇಳಿಸಿ, ಗ್ರಿಲ್‌ನ ಖಾಲಿ ಬದಿಯಲ್ಲಿಟ್ಟು 65ರಿಂದ 75 ಡಿಗ್ರಿಯಲ್ಲಿ ಕಾಯಿಸಿಕೊಳ್ಳಿ. ಹತ್ತು ಹದಿನೈದು ನಿಮಿಷಕ್ಕೆ ಹೊಗೆಯ ಪರಿಮಳ, ಬೆಣ್ಣೆ, ಈರುಳ್ಳಿ ಒಂದಾಗುತ್ತವೆ. ನೆಂಟರು ತಡವಾಗಿ ಬಂದರೂ ಊಟ ಬಿಸಿಯಾಗಿರುತ್ತದೆ. 60 ಡಿಗ್ರಿಗಿಂತ ಕೆಳಗಿಳಿಯಲು ಮಾತ್ರ ಬಿಡಬೇಡಿ. ಮುಕ್ಕಾಲು ಗಂಟೆ ಮೀರಿದರೆ ಚರ್ಮ ಮೆತ್ತಗಾಗಿ, ಕಚ್ಚಿದಾಗ ಪಟ್ಟೆನ್ನುವ ಗುಣ ಹೋಗುತ್ತದೆ.

ನಲವತ್ತು ಜನರ ಊಟ, ಪುಟ್ಟ ಗ್ರಿಲ್ ಎಂದಾದರೆ ಮೊದಲೇ ಬೇಯಿಸುವುದನ್ನು ನಾನು ಒಪ್ಪುತ್ತೇನೆ. ಆದರೆ ಆಗಲೂ ಕುದಿ ಬೇಡ. 75 ಡಿಗ್ರಿಯ ಬಿಯರ್‌ನಲ್ಲಿ, ಗುಳ್ಳೆ ಏಳದಂತೆ, ನಡುಭಾಗ 71 ಮುಟ್ಟುವವರೆಗೆ ಇಟ್ಟು, ತೆಗೆದು ಚೆನ್ನಾಗಿ ಒರೆಸಿ, ಕೆಂಡದ ಮೇಲೆ ಬಣ್ಣ ಬರುವಷ್ಟೇ ಹೊತ್ತು ಹೊರಳಿಸಿ.

ನಮ್ಮವರ ಕೂಟಕ್ಕೆ ಅಡುಗೆ ಮಾಡುವವರು ಪ್ಯಾಕೆಟ್ ಓದಲೇಬೇಕು. ಕೆಲವು ಬ್ರಾಟ್‌ಗಳಲ್ಲಿ ದನದ ಮಾಂಸ ಬೆರೆತಿರುತ್ತದೆ; ಕೋಳಿಯದು ಎಂದು ಬರೆದಿದ್ದರೂ ಹೊರಗಿನ ಕರುಳು ಹಂದಿಯದಾಗಿರಬಹುದು. ‘ಕುದಿಸಿದರೆ ಮದ್ಯವೆಲ್ಲ ಹಾರಿಹೋಗುತ್ತದೆ’ ಎಂಬ ಮಾತೂ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 15 ನಿಮಿಷ ಸಣ್ಣಗೆ ಕುದಿಸಿದ ಮೇಲೂ ಶೇ. 40ರಷ್ಟು ಉಳಿದಿರುತ್ತದೆ. ಮಕ್ಕಳಿಗೆ, ಮದ್ಯ ಮುಟ್ಟದವರಿಗೆ ಕೊಡುವುದನ್ನು ಬಿಯರ್‌ಗೆ ಇಳಿಸದೆ ಗ್ರಿಲ್‌ನಿಂದ ನೇರ ತಟ್ಟೆಗೆ ಹಾಕಿ. ಸರಿಯಾಗಿ ಸುಟ್ಟಿದ್ದರೆ ಅದಕ್ಕೇನೂ ಕಡಿಮೆಯಾಗುವುದಿಲ್ಲ.

ಬಡಿಸಲು ಮೆತ್ತನೆಯ ಹಾಟ್‌ಡಾಗ್ ಬನ್ ಬೇಡ, ರಸಕ್ಕೆ ನೆನೆದು ಹರಿಯುತ್ತದೆ. ಶಿಬಾಯ್ಗನ್‌ನಲ್ಲಿ ಹೊರಗೆ ಗರಿಗರಿಯಾದ ದುಂಡನೆಯ ಹಾರ್ಡ್ ರೋಲ್‌ನಲ್ಲಿ ಎರಡು ಬ್ರಾಟ್ ಪಕ್ಕಪಕ್ಕ ಇಟ್ಟು, ಕಂದು ಸಾಸಿವೆ, ಉಪ್ಪಿನಲ್ಲಿಟ್ಟ ಸೌತೆ, ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ಪಾತ್ರೆಯ ತಳದಲ್ಲಿ ಉಳಿದ ಬೆಣ್ಣೆ ಈರುಳ್ಳಿಯನ್ನು ಸೋಸಿ ಅದರ ಮೇಲೆ ಹಾಕಿಕೊಳ್ಳಿ.