ಜಾನಿ ಮಾಸ್ 1970ರಲ್ಲಿ ಟೂರ್ನಿ ಗೆದ್ದಿರಲಿಲ್ಲ: ಒಂದು ಸ್ಪಷ್ಟನೆ

ಪಣವಿಟ್ಟು ಆಡುವ ಇಸ್ಪೀಟಿನಾಟ ಪೋಕರ್‌ನ ವಾರ್ಷಿಕ ಸ್ಪರ್ಧೆಯಾದ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ನ ಮೊದಲ ವರ್ಷ 1970ರಲ್ಲಿ ಅಮೆರಿಕದ ಆಟಗಾರ ಜಾನಿ ಮಾಸ್ ಅಂತಿಮ ಮೇಜಿನಲ್ಲಿ (ಕೊನೆಯವರೆಗೆ ಉಳಿದವರು ಆಡುವ ಮೇಜು) ಎಲ್ಲರನ್ನೂ ಸೋಲಿಸಿ, ವಿಜೇತರಿಗೆ ಕೊಡುವ ಚಿನ್ನದ ಬ್ರೇಸ್‌ಲೆಟ್ ಧರಿಸಿದರು ಎಂಬ ಬರಹ ಹರಿದಾಡುತ್ತಿದೆ. ಇದು ತಪ್ಪು.

ಆ ವರ್ಷ ಅಂತಿಮ ಮೇಜೇ ಇರಲಿಲ್ಲ. ಲಾಸ್ ವೇಗಸ್‌ನಲ್ಲಿ ಬೆನ್ನಿ ಬಿನಿಯನ್ ತಮ್ಮ ಹಾರ್ಸ್‌ಶೂ ಕ್ಯಾಸಿನೊಗೆ ಹೆಸರಾಂತ ಆಟಗಾರರನ್ನು ಕರೆಸಿದ್ದರು. ಅವರೆಲ್ಲ ನಗದು ಪಣವಿಟ್ಟು ಬಗೆಬಗೆಯ ಪೋಕರ್ ಆಡಿದರು. ಕೊನೆಗೆ ಮತ ಹಾಕಿ ಮಾಸ್ ಅವರನ್ನು ಆರಿಸಿದರು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮಗೆ ತಾವೇ ಮತ ಹಾಕಿಕೊಂಡಿದ್ದರಿಂದ, ‘ಎರಡನೆಯ ಶ್ರೇಷ್ಠ ಆಟಗಾರ ಯಾರು’ ಎಂದು ಮತ್ತೆ ಕೇಳಬೇಕಾಯಿತು ಎಂಬ ಕಥೆಯೂ ಪ್ರಚಲಿತವಾಗಿದೆ. ಮಾಸ್ ಕೈಗೆ ಬಂದದ್ದು ಒಂದು ಬೆಳ್ಳಿಯ ಕಪ್.

ಚಿಪ್ (ಪಣಕ್ಕಿಡುವ ಬಿಲ್ಲೆ) ಮುಗಿದವರು ಹೊರಗೆ, ಉಳಿದ ಕೊನೆಯವರೇ ವಿಜೇತರು ಎಂಬ ಪದ್ಧತಿ ಬಂದದ್ದು 1971ರಲ್ಲಿ. ಪ್ರವೇಶ ಶುಲ್ಕ 5,000 ಡಾಲರ್. ಅದನ್ನೂ ಮಾಸ್ ಅವರೇ ಗೆದ್ದರು. ಅವರ ಸಾಮರ್ಥ್ಯದ ಬಗ್ಗೆ ಅನುಮಾನವೇ ಬೇಡ. ಮರುವರ್ಷ ಶುಲ್ಕ 10,000ಕ್ಕೆ ಏರಿತು. ಬ್ರೇಸ್‌ಲೆಟ್ ಶುರುವಾದದ್ದು 1976ರಲ್ಲಿ. ಅದಕ್ಕೂ ಹಿಂದಿನ ಗೆಲುವುಗಳನ್ನು ಇಂದು ಬ್ರೇಸ್‌ಲೆಟ್ ಲೆಕ್ಕಕ್ಕೆ ಸೇರಿಸುವುದರಿಂದಲೇ ಈ ಗೊಂದಲ ಹುಟ್ಟಿರಬೇಕು.

ಅದೇ ಬರಹದಲ್ಲಿ, 2003ರಲ್ಲಿ ಅಮೆರಿಕದ ಆಟಗಾರ ಕ್ರಿಸ್ ಮನಿಮೇಕರ್ ‘ಆನ್‌ಲೈನ್‌ನಲ್ಲಿ ವಿಶ್ವ ಚಾಂಪಿಯನ್ ಆದರು’ ಎಂದಿದೆ. ಆನ್‌ಲೈನ್‌ನಲ್ಲಿ ಅವರು ಗೆದ್ದದ್ದು ಟೂರ್ನಿಯ ಪ್ರವೇಶವನ್ನು ಮಾತ್ರ. 839 ಮಂದಿಯ ನಡುವೆ ಪಟ್ಟವನ್ನೂ 25 ಲಕ್ಷ ಡಾಲರ್ ಬಹುಮಾನವನ್ನೂ ಗೆದ್ದದ್ದು ಹಾರ್ಸ್‌ಶೂನಲ್ಲೇ, ಎದುರಾಳಿಗಳ ಕಣ್ಣೆದುರು ಕುಳಿತು. ಮರುವರ್ಷ ಸ್ಪರ್ಧಿಗಳ ಸಂಖ್ಯೆ 2,576ಕ್ಕೆ ಜಿಗಿಯಿತು.