ಬಿಲ್ಲೆ ಒರೆಸುವ ಹೊತ್ತು

ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ವಾರ್ಡಿನ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ರೋಗಿಯ ಮೈ ಆರುವುದಿಲ್ಲ. ಬಿಪಿ ನೋಡಲು ಬಂದ ಸಿಸ್ಟರ್ ಮೊಣಕೈಯ ಒಳಮಡಿಕೆಗೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಒತ್ತಿದಾಗ ಅದಕ್ಕೆ ಬೆವರು, ತೆಂಗಿನೆಣ್ಣೆ, ಬೆವರುಸಾಲೆಗೆ ಬಳಿದ ಪೌಡರುಗಳ ಜೊತೆಗೆ ಕಣ್ಣಿಗೆ ಕಾಣದ ಪರಿವಾರವೊಂದೂ ಅಂಟಿಕೊಳ್ಳುತ್ತದೆ. ಮರುಗಳಿಗೆಯಲ್ಲಿ ಅದೇ ಬಿಲ್ಲೆ ಪಕ್ಕದ ಮಂಚಕ್ಕೆ ಹೋಗುತ್ತದೆ. ನಡುವೆ ಸ್ಪಿರಿಟಿನ ಹತ್ತಿ ಅದರ ಮೇಲೆ ಆಡಿತೋ ಇಲ್ಲವೋ ಎಂದು ನೋಡುವುದು, ರೋಗಿಯ ಬಳಿ ಸುಮ್ಮನೆ ಕುಳಿತಿರಬೇಕಾದ ನನ್ನಂಥವರಿಗೆ ಒಂದು ಹವ್ಯಾಸವೇ ಆಗಿಬಿಡುತ್ತದೆ.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಕೊಳವೆಯಂತೆ ಸುತ್ತಿ ಆಲಿಸಿದನು. ವೈದ್ಯನನ್ನೂ ರೋಗಿಯನ್ನೂ ದೂರವಿರಿಸಲು ಹುಟ್ಟಿದ ಸಾಧನವೇ ಈಗ ರೋಗಿಗೂ ರೋಗಿಗೂ ಸ್ಪರ್ಶ ಮಾಡಿಸುತ್ತಿದೆ. ಒಂದು ತಪಾಸಣೆಯ ಬಳಿಕ ಬೆರಳತುದಿಗಳನ್ನು ಬಿಟ್ಟರೆ ವೈದ್ಯರ ಕೈಯ ಉಳಿದೆಲ್ಲ ಭಾಗಗಳಿಗಿಂತ ಈ ಬಿಲ್ಲೆಯ ಮೇಲೆಯೇ ಹೆಚ್ಚು ರೋಗಾಣುಗಳಿದ್ದುದನ್ನು ಜಿನೀವಾದ ವೈದ್ಯರು 2014ರಲ್ಲಿ ಪ್ರಕಟಿಸಿದರು. ಆದರೂ ಕೈ ತೊಳೆಯುವವರೆಲ್ಲ ಇದನ್ನು ತೊಳೆಯುವುದಿಲ್ಲ. ಕೊರಳಿಗೇರಿದ್ದು ಆಭರಣವಾಗಿಬಿಡುವುದೇ ಇದಕ್ಕೆ ಕಾರಣವೆಂದು ನನ್ನ ಗುಮಾನಿ.

ಕೆಲಸ ದೊಡ್ಡದೇನಲ್ಲ. ನೀರಿನಲ್ಲಿ ಮುಳುಗಿಸಬಾರದು, ಶೇಕಡಾ 70ರ ಆಲ್ಕೋಹಾಲಿನಿಂದ ಬಿಲ್ಲೆಯನ್ನೂ ಅದರ ಅಂಚನ್ನೂ ಒರೆಸಿ ಆರಲು ಬಿಟ್ಟರೆ ಸಾಕು. ನೀರು ಬೆರೆಯದ ಆಲ್ಕೋಹಾಲು ಬೇಗ ಹಾರಿಹೋಗುವುದರಿಂದಲೂ, ರೋಗಾಣುವಿನ ಪ್ರೋಟೀನನ್ನು ಕೆಡಿಸಲು ನೀರಿನ ನೆರವು ಬೇಕಾಗುವುದರಿಂದಲೂ ಈ ಬೆರಕೆಯೇ ಮೇಲು. ಕೆಲವು ಬಗೆಯ ಭೇದಿಯ ರೋಗಾಣುಗಳ ಬೀಜಕಗಳು ಮಾತ್ರ ಇದಕ್ಕೂ ಜಗ್ಗುವುದಿಲ್ಲವಾದ್ದರಿಂದ ಅಂಥ ರೋಗಿಯ ಮಂಚಕ್ಕೆ ಬೇರೆಯೇ ಸ್ಟೆತಾಸ್ಕೋಪು ಇಡುವುದು ಕ್ರಮ.

ನಿಜವಾದ ತೊಡಕಿರುವುದು ಒರೆಸುವ ಹೊತ್ತಿನಲ್ಲಿ. ಅಜ್ಜಿಯೊಬ್ಬರ ಬಿಪಿ ನೋಡಿದ ಕೂಡಲೇ ಅವರೆದುರೇ ಸಿಸ್ಟರ್ ಬಿಲ್ಲೆಯನ್ನು ಉಜ್ಜತೊಡಗಿದಾಗ ಅಜ್ಜಿ, "ಎಂಥ ಸಿಸ್ಟರ್, ನನ್ನ ಕೈ ಅಷ್ಟು ಗಲೀಜುಂಟಾ?" ಎಂದು ಮುಖ ಸಣ್ಣದು ಮಾಡಿಕೊಂಡರು. ಮಡಿ-ಮೈಲಿಗೆಯ ನೆನಪು ಇನ್ನೂ ಆರದ ನಮ್ಮ ಕರಾವಳಿಯಲ್ಲಿ, ಮುಟ್ಟಿದ ಮೇಲೆ ಒರೆಸಿದರೆ ಅದು ತಿರಸ್ಕಾರದಂತೆಯೂ, ಮುಟ್ಟುವ ಮೊದಲು ಒರೆಸಿದರೆ ಮರ್ಯಾದೆಯಂತೆಯೂ ಕಾಣುತ್ತದೆ. ಹಾಗಾಗಿ ಮುಂದಿನ ಮಂಚದ ಬಳಿ ಹೋಗಿ, ಆ ರೋಗಿ ನೋಡುತ್ತಿರುವಂತೆಯೇ ಒರೆಸುವುದು ಲೇಸು. ಆದರೆ ಸ್ಪಿರಿಟಿನ ಬಾಟಲಿ ವಾರ್ಡಿನ ಕೊನೆಯ ಮೇಜಿನಲ್ಲಿದ್ದರೆ ರಾತ್ರಿಪಾಳಿಯ ಸಿಸ್ಟರ್ ಪ್ರತಿ ಮಂಚಕ್ಕೊಮ್ಮೆ ಅಲ್ಲಿಗೆ ನಡೆಯಲಾರರು, ಅದು ಬಿಪಿ ಯಂತ್ರದೊಡನೆ ಟ್ರಾಲಿಯಲ್ಲೇ ಬರಬೇಕು.