ನ್ಯಾಶ್‌ವಿಲ್‌ಗೆ ಬಂದವರಿಗೆ ಹಾಡು ಸಿಗುತ್ತದೆ, ಧಾರವಾಡಕ್ಕೆ ಹೋದವರಿಗೆ?

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವನು ಕಂಪನಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ. ಶನಿವಾರ, ಭಾನುವಾರ ಬಿಡುವಿತ್ತು. ಎಲ್ಲರ ಹಾಗೆ ಮೈಸೂರಿಗೆ ಹೋಗದೆ ವಂದೇ ಭಾರತ್ ಹತ್ತಿ ಧಾರವಾಡಕ್ಕೆ ಹೋದ. ಅದಕ್ಕೆ ಕಾರಣ ನಾನು. ಮನ್ಸೂರರು, ಭೀಮಸೇನ ಜೋಶಿ, ಗಂಗೂಬಾಯಿ, ಕುಮಾರ ಗಂಧರ್ವ, ರಾಜಗುರು ಇಂಥ ಹಿಂದೂಸ್ತಾನಿ ಗಾಯಕರೆಲ್ಲ ನಮ್ಮ ಸೀಮೆಯವರು ಅಂತ ಅವನ ಮುಂದೆ ಯಾವಾಗಲೂ ಹೇಳುತ್ತಿರುತ್ತೇನೆ. ಅವನೂ ಗಿಟಾರ್ ನುಡಿಸುತ್ತಾನೆ. ವಾಪಸ್ ಬಂದವನೇ ಪೇಡೆಯ ಡಬ್ಬಿ ಕೈಗಿಟ್ಟ. ಪೇಡೆ ತುಂಬಾ ಚೆನ್ನಾಗಿದೆ ಎಂದ. ಆಮೇಲೆ ಸ್ವಲ್ಪ ಹಿಂಜರಿದು, "ಅಲ್ಲಿ ಹಾಡು ಎಲ್ಲಿ ಕೇಳಬೇಕಿತ್ತು?" ಅಂತ ಕೇಳಿದ.

ಎರಡು ದಿನ ಊರಲ್ಲಿದ್ದರೂ ಅವನ ಕಿವಿಗೆ ಒಂದು ತಂಬೂರಿಯ ದನಿ ಬಿದ್ದಿರಲಿಲ್ಲ. ಹೋಟೆಲಿನ ಕೌಂಟರಿನಲ್ಲಿ ಕೇಳಿದರೆ ಉಣಕಲ್ ಕೆರೆಗೆ ಹೋಗಿ ಅಂದರಂತೆ. ನೋಡಬೇಕೆಂದು ಹುಡುಕಿಕೊಂಡು ಹೋದ ಎರಡು ಕಡೆ ಗೇಟಿಗೆ ಬೀಗ. ಯಾವಾಗ ತೆಗೆಯುತ್ತಾರೆ ಅಂತ ಬರೆದ ಒಂದು ಚೀಟಿಯೂ ಇರಲಿಲ್ಲ. ಅವನು ದೂರಲಿಲ್ಲ, ಬರೀ ಕೇಳಿದ. ಹಾಗಾಗಿಯೇ ಜಾಸ್ತಿ ಚುಚ್ಚಿತು.

ಯಾಕೆಂದರೆ ಅವನು ಇರುವ ಊರು ಇದು. ನ್ಯಾಶ್‌ವಿಲ್ ವಿಮಾನ ನಿಲ್ದಾಣದಲ್ಲಿ ಇಳಿದು ಬ್ಯಾಗಿಗೆ ಕಾಯುವ ಮೊದಲೇ ಯಾರೋ ಗಿಟಾರ್ ಹಿಡಿದು ಹಾಡುತ್ತಿರುತ್ತಾರೆ. ನಿಲ್ದಾಣದ ಒಳಗೇ ವೇದಿಕೆಗಳಿವೆ. ಬ್ರಾಡ್‌ವೇ ಬೀದಿಗೆ ಬಂದರೆ ಬೆಳಿಗ್ಗೆಯಿಂದ ನಡುರಾತ್ರಿ ದಾಟುವವರೆಗೂ ಸಾಲಾಗಿ ಹಾಂಕಿಟಾಂಕ್‌ಗಳು, ಅಂದರೆ ಹಾಡು ನಡೆಯುವ ಬಾರುಗಳು, ಒಂದೊಂದರಲ್ಲೂ ಒಂದೊಂದು ಬ್ಯಾಂಡ್. ಹಗಲಲ್ಲಿ ಒಳಗೆ ಹೋಗುವುದಕ್ಕೆ ದುಡ್ಡು ಕೊಡಬೇಕಿಲ್ಲ. ಯಾರ ಪರಿಚಯವೂ ಬೇಕಿಲ್ಲ.

ಅಟ್ಲಾಂಟ, ಚಿಕಾಗೋದಿಂದ ಬರುವ ನಮ್ಮ ಕನ್ನಡದವರು ಬ್ರಾಡ್‌ವೇಯಲ್ಲಿ ಒಂದು ಸುತ್ತು ಹೊಡೆದು, ಸೆಂಟೆನಿಯಲ್ ಪಾರ್ಕಿನ ಪಾರ್ಥೆನಾನ್ ಮುಂದೆ ಫೋಟೋ ತೆಗೆಸಿಕೊಂಡು, ಬೆಲ್‌ವ್ಯೂನ ಗಣೇಶನ ಗುಡಿಯಲ್ಲಿ ಪ್ರಸಾದ ತಗೊಂಡು ಹೊರಟುಬಿಡುತ್ತಾರೆ. ಪಾರ್ಥೆನಾನ್ ನೋಡಲೇಬೇಕು, ಬೇಡ ಅನ್ನುವುದಿಲ್ಲ. ಗ್ರೀಸಿನ ಹಳೆಯ ಗುಡಿಯ ಪಡಿಯಚ್ಚು ಅದು, 1897ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು, ಒಳಗೆ 42 ಅಡಿ ಎತ್ತರದ ಅಥೀನಾ ದೇವಿ ನಿಂತಿದ್ದಾಳೆ. ಆದರೆ ಇಷ್ಟೇ ನೋಡಿ ಹೋದರೆ ಈ ಊರಿಗೆ ಬಂದ ಹಾಗೇ ಅಲ್ಲ.

ಮೊದಲು ರೈಮನ್‌ಗೆ ಹೋಗಿ. ಥಾಮಸ್ ರೈಮನ್ ಎಂಬ ದೋಣಿ ಕಂಪನಿಯ ಸಾಹುಕಾರ ಒಬ್ಬ ಪಾದ್ರಿಯ ಉಪದೇಶ ಕೇಳಿ, ಮನಸ್ಸು ಬದಲಾಗಿ ಕಟ್ಟಿಸಿದ ಪ್ರಾರ್ಥನಾ ಮಂದಿರ ಅದು. 1892ರಲ್ಲಿ ಮುಗಿಯಿತು. ಈಗಲೂ ಕೂರುವುದಕ್ಕೆ ಚರ್ಚಿನ ಮರದ ಬೆಂಚುಗಳೇ. ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ 1943ರಿಂದ 1974ರವರೆಗೆ ನಡೆದದ್ದು ಇಲ್ಲಿ. ಆಪ್ರಿ ಬೇರೆ ಕಡೆ ಹೋದ ಮೇಲೆ ಕಟ್ಟಡ ಪಾಳು ಬಿತ್ತು. ಕೆಡವಬೇಕು ಅಂದವರೂ ಇದ್ದರು. 1991ರಲ್ಲಿ ಗಾಯಕಿ ಎಮಿಲೂ ಹ್ಯಾರಿಸ್ ಅಲ್ಲಿ ಹಾಡಿದಾಗ ಸುಮಾರು 200 ಜನರಿಗಷ್ಟೇ ಒಳಗೆ ಬಿಟ್ಟಿದ್ದರು, ಬಾಲ್ಕನಿ ಭದ್ರವಿಲ್ಲ ಅಂತ. ಆ ಹಾಡಿಕೆಯಿಂದಲೇ ಜನರಿಗೆ ಮತ್ತೆ ಆ ಮನೆಯ ನೆನಪಾಯಿತು. 1994ರಲ್ಲಿ ರಿಪೇರಿಯಾಗಿ ತೆರೆಯಿತು. ಆಪ್ರಿಯವರು ಹೊಸ ಕಟ್ಟಡಕ್ಕೆ ಹೋಗುವಾಗ ರೈಮನ್ ವೇದಿಕೆಯ ಹಲಗೆಗಳಿಂದ ಆರು ಅಡಿ ಅಗಲದ ದುಂಡನೆಯ ತುಂಡೊಂದನ್ನು ಕತ್ತರಿಸಿಕೊಂಡು ಹೋಗಿ ಅಲ್ಲಿನ ವೇದಿಕೆಯ ನಡುವೆ ಕೂರಿಸಿದ್ದಾರೆ. ಎಂಥ ದೊಡ್ಡ ಗಾಯಕನಾದರೂ ಅದರ ಮೇಲೆ ನಿಂತೇ ಹಾಡುವುದು. 2010ರ ನೆರೆಯಲ್ಲಿ ವೇದಿಕೆ ಮುಳುಗಿತ್ತು. ಆ ತುಂಡನ್ನು ಎತ್ತಿ, ಒಣಗಿಸಿ, ಮತ್ತೆ ಕೂರಿಸಿದರು. ಹಿರಿಯರು ನಿಂತು ಹಾಡಿದ ಜಾಗಕ್ಕೆ ಇವರು ಕೊಡುವ ಮರ್ಯಾದೆ ಇದು.

ಆಪ್ರಿ ಶುರುವಾದದ್ದು 1925ರಲ್ಲಿ, ರೇಡಿಯೋದಿಂದ. ಒಂದು ವಿಮಾ ಕಂಪನಿ ನಡೆಸುತ್ತಿದ್ದ ಸ್ಟೇಷನ್. ಸ್ಟುಡಿಯೋಗೆ ಜನ ಮುಗಿಬಿದ್ದದ್ದರಿಂದ ಅವರಿಗಾಗಿಯೇ ಜಾಗ ಮಾಡುತ್ತಾ ಹೋದರು. ಮನೆಯಲ್ಲಿ ಕೂತು ಕೇಳುವವನೂ ಬೇಕು, ಎದುರಿಗೆ ಕೂತು ಕೇಳುವವನೂ ಬೇಕು. ನೂರು ವರ್ಷ ಆಗಿಹೋಯಿತು, ಇವತ್ತಿಗೂ ಹಾಗೇ ನಡೆಯುತ್ತಿದೆ. ನಮ್ಮ ಧಾರವಾಡ ಆಕಾಶವಾಣಿಗೂ 1950ರಿಂದ ಇತಿಹಾಸವಿದೆ. ಮನ್ಸೂರರೇ ಅಲ್ಲಿ ಸಲಹೆಗಾರರಾಗಿದ್ದರು. ಬೇರೆ ಊರಿಂದ ಬಂದ ಸಂಗೀತದ ಹುಚ್ಚಿನವನು ಈಗ ಆ ಗೇಟಿನ ಮುಂದೆ ನಿಂತರೆ ಅವನಿಗೆ ಏನು ಸಿಗುತ್ತದೆ?

ಬ್ಲೂಬರ್ಡ್ ಕೆಫೆ ಬಗ್ಗೆ ಎಷ್ಟು ಹೇಳಿದರೂ ಸಾಲದು. ಊರ ಹೊರಗೆ, ಸಾಲು ಅಂಗಡಿಗಳ ನಡುವೆ ಒಂದು ಚಿಕ್ಕ ಬಾಗಿಲು. ಗೊತ್ತಿಲ್ಲದಿದ್ದರೆ ದಾಟಿಕೊಂಡೇ ಹೋಗುತ್ತೀರಿ. 1982ರಲ್ಲಿ ಶುರುವಾದದ್ದು, ಒಳಗೆ ಹಿಡಿಸುವುದು ತೊಂಬತ್ತು ಜನ. ನಾಲ್ವರು ಹಾಡು ಬರೆಯುವವರು ಕೋಣೆಯ ನಡುವೆ ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತಾರೆ. ಸುತ್ತ ಮೇಜುಗಳು. ನಾನು ಕೂತಿದ್ದ ಕಡೆ ಗಿಟಾರಿನ ತುದಿ ನನ್ನ ಲೋಟಕ್ಕೆ ತಾಗುವಷ್ಟು ಹತ್ತಿರವಿತ್ತು. ತಲೆ ನರೆತ ಒಬ್ಬ ಮನುಷ್ಯ ತಂತಿ ಬಿಗಿ ಮಾಡುತ್ತಲೇ ಹೇಳಿದ: ಅಪ್ಪನ ಲಾರಿ ಮಾರಿದ ದಿನ ಬರೆದ ಹಾಡು ಇದು, ಹಾಡಿ ಹೆಸರು ಮಾಡಿದವರು ಬೇರೆಯವರು ಅಂತ. ಆಮೇಲೆ ಹಾಡಿದ. ದನಿ ದೊಡ್ಡದಲ್ಲ, ಮೇಲಿನ ಸ್ಥಾಯಿಯಲ್ಲಿ ಒಡೆಯಿತು ಕೂಡ. ಪಕ್ಕದಲ್ಲಿದ್ದವನು ಯಾರೂ ಹೇಳದೆಯೇ ಎರಡನೇ ಸಾಲಿಗೆ ದನಿ ಸೇರಿಸಿದ. ತಟ್ಟೆ, ಚಮಚದ ಸದ್ದೂ ಇಲ್ಲ. ಅಲ್ಲಿ ಮಾತಾಡಿದರೆ ಸುಮ್ಮನಿರಿ ಅಂತ ಮುಲಾಜಿಲ್ಲದೆ ಹೇಳುತ್ತಾರೆ, ಅದು ಆ ಜಾಗದ ನಿಯಮ. ಅಧ್ಯಕ್ಷರ ನುಡಿ ಇಲ್ಲ, ದೀಪ ಬೆಳಗಿಸುವುದಿಲ್ಲ, ಶಾಲು, ಹಾರ, ಸನ್ಮಾನ ಇಲ್ಲ. ಹೇಳಿದ ಹೊತ್ತಿಗೆ ಹಾಡು ಶುರು. ಟಿಕೆಟ್ ಮಾತ್ರ ಆನ್‌ಲೈನಿನಲ್ಲಿ ಬಿಟ್ಟ ಕೂಡಲೇ ಖಾಲಿಯಾಗುತ್ತದೆ. ಬರುವ ದಿನ ಗೊತ್ತಾದ ತಕ್ಷಣ ಅದನ್ನೇ ಮೊದಲು ನೋಡಿಕೊಳ್ಳಿ, ವಿಮಾನದ ಟಿಕೆಟ್ ಆಮೇಲೆ.

ಅದು ಸಿಗದಿದ್ದರೆ ಭಾನುವಾರ ಸಂಜೆ ಸ್ಟೇಷನ್ ಇನ್‌ಗೆ ಹೋಗಿ. ಸುತ್ತಲೂ ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ನಡುವೆ ಒಂದೇ ಅಂತಸ್ತಿನ ಕಲ್ಲಿನ ಕಟ್ಟಡ. ಬ್ಲೂಗ್ರಾಸ್ ಎಂಬ ತಂತಿವಾದ್ಯಗಳ ಹಳ್ಳಿ ಸೊಗಡಿನ ಸಂಗೀತಕ್ಕೆ ಅದೇ ಮನೆ. ಭಾನುವಾರ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್ ತಂದವರೆಲ್ಲ ಸುತ್ತ ಕೂತು ನುಡಿಸುತ್ತಾರೆ. ಒಬ್ಬರಿಗೊಬ್ಬರು ಪರಿಚಯ ಇರಲೇಬೇಕೆಂದಿಲ್ಲ. ಈ ಊರಿನ ಸ್ಟುಡಿಯೋ ವಾದಕರು ಸ್ವರಗುಚ್ಛಗಳನ್ನು (ಕಾರ್ಡ್) ಅಕ್ಷರದಲ್ಲಿ ಬರೆಯುವುದಿಲ್ಲ, ಒಂದು, ನಾಲ್ಕು, ಐದು ಅಂತ ಅಂಕಿಯಲ್ಲಿ ಬರೆಯುತ್ತಾರೆ. ಹಾಡುವವನು ಶ್ರುತಿ ಬದಲಿಸಿದರೂ ಅಂಕಿ ಬದಲಾಗುವುದಿಲ್ಲ. ಷಡ್ಜ ಎಲ್ಲಿಟ್ಟರೂ ಪಂಚಮ ಪಂಚಮವೇ ಅನ್ನುವುದನ್ನು ಬಾಲಪಾಠದಲ್ಲೇ ಕಲಿತ ನಮಗೆ ಅದು ಥಟ್ಟನೆ ಅರ್ಥವಾಗುತ್ತದೆ. ಅವತ್ತು ಬ್ಯಾಂಜೊ ನುಡಿಸುವ ಒಬ್ಬಾತನಿಗೆ ಸರಿಗಮ ಹೇಳಿದೆ. ಎದ್ದು ಬಂದು ಕೈಕುಲುಕಿದ.

ಮಕ್ಕಳಿದ್ದರೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಮ್‌ಗೆ ಕರೆದುಕೊಂಡು ಹೋಗಿ. ಕಿಟಕಿಗಳನ್ನು ಪಿಯಾನೋ ಮಣೆಗಳ ಹಾಗೆ ಮಾಡಿದ್ದಾರೆ. ಎಲ್ವಿಸ್ ಇನ್ನೂರಕ್ಕೂ ಹೆಚ್ಚು ಹಾಡು ಹಾಡಿದ ಆರ್‌ಸಿಎ ಸ್ಟುಡಿಯೋ ಬಿ ನೋಡಲು ಅಲ್ಲಿಂದಲೇ ಬಸ್ಸು. ಊಟಕ್ಕೆ ಸ್ವಲ್ಪ ಹುಷಾರು. ಇಲ್ಲಿ ಸೊಪ್ಪು, ಹುರುಳಿಕಾಯಿಯನ್ನೂ ಹಂದಿ ಮಾಂಸ ಹಾಕಿ ಬೇಯಿಸುವುದುಂಟು, ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ತಿನ್ನುವವರು ಹಾಟ್ ಚಿಕನ್ ಬಿಡಬೇಡಿ. ಹುಬ್ಬಳ್ಳಿ ಸಾವಜಿ ಉಂಡವರಿಗೆ ಆ ಖಾರ ಏನೂ ಮಾಡುವುದಿಲ್ಲ.

ಫಿಸ್ಕ್ ಯೂನಿವರ್ಸಿಟಿಗೆ ನಮ್ಮವರು ಯಾರೂ ಹೋಗುವುದಿಲ್ಲ. ನನಗೆ ಗದುಗು ನೆನಪಾಗುವುದೇ ಅಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1866ರಲ್ಲಿ ತೆರೆದ ಶಾಲೆ ಅದು. ಕಾಸಿಲ್ಲದೆ ಮುಚ್ಚುವ ಸ್ಥಿತಿ ಬಂದಾಗ, 1871ರಲ್ಲಿ ಒಂಬತ್ತು ವಿದ್ಯಾರ್ಥಿಗಳು ಊರೂರು ಹಾಡುತ್ತಾ ಹೊರಟರು. ತಮ್ಮ ಹಿರಿಯರು ಹೊಲದಲ್ಲಿ, ಪ್ರಾರ್ಥನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡುಗಳನ್ನೇ ಹಾಡಿ ಹಣ ತಂದರು. ಇಂಗ್ಲೆಂಡಿನ ರಾಣಿಯ ಮುಂದೆಯೂ ಹಾಡಿದರು. ಆ ದುಡ್ಡಿನಲ್ಲಿ ಎದ್ದ ಜ್ಯೂಬಿಲಿ ಹಾಲ್ ಈಗಲೂ ನಿಂತಿದೆ. ಗದುಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಜೊತೆಗೆ ಕರೆದುಕೊಂಡು, ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ ಅವರ ಅನ್ನ, ಪಾಠ ಎರಡನ್ನೂ ನೋಡಿಕೊಂಡದ್ದು ಇದಕ್ಕಿಂತ ಕಡಿಮೆ ಕಥೆಯೇ? ಫಿಸ್ಕ್‌ನ ಕಥೆ ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಗವಾಯಿಗಳ ಕಥೆಯನ್ನು ಧಾರವಾಡದಲ್ಲಿ ಇಳಿದ ಹೊಸಬನಿಗೆ ಯಾರು ಹೇಳುತ್ತಾರೆ?

ಇದನ್ನೆಲ್ಲ ಧಾರವಾಡದಲ್ಲಿರುವ ನಮ್ಮ ಕಾಕಾನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಸಿಟ್ಟು ಬಂತು. "ಗಾಯನ ಕೇಳಾಕ ಬೋರ್ಡ್ ಯಾಕ ಬೇಕೋ? ಯಾರನ್ನ ಕೇಳಿದ್ರೂ ಹೇಳ್ತಾರ. ನಮ್ಮ ಮನಿಗೆ ಕಳಸಬೇಕಿತ್ತು ಅವನ್ನ" ಅಂದ. ನಿಜ, ಕಳಿಸಿದ್ದರೆ ಕಾಕಾ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾಲ್ಕು ಮನೆ ತಿರುಗಿಸುತ್ತಿದ್ದ, ಮಿರ್ಚಿ ಗಿರಮಿಟ್ ತಿನ್ನಿಸುತ್ತಿದ್ದ, ಯಾರದೋ ರಿಯಾಜ್ ನಡೆಯುವ ಕೋಣೆಯಲ್ಲಿ ಕೂರಿಸುತ್ತಿದ್ದ. ಕಷ್ಟ ಇರುವುದೇ ಅಲ್ಲಿ. ನಮ್ಮಲ್ಲಿ ಹಾಡು ಸಿಗಬೇಕಾದರೆ ಒಬ್ಬ ಕಾಕಾ ಇರಬೇಕು. ಕಾಕಾ ಇಲ್ಲದವನು ಪೇಡೆ ತಗೊಂಡು ಹೊರಡಬೇಕು.

ಕಾಕಾ ಅಷ್ಟಕ್ಕೇ ಬಿಡಲಿಲ್ಲ. ನಿಮ್ಮೂರಲ್ಲಿ ಹಾಡೋರಿಗೆ ಏನು ಕೊಡ್ತಾರ ಅಂತ ಕೇಳಿದ. ಅದಕ್ಕೆ ಉತ್ತರ ಕೊಡುವುದು ನನಗೆ ಸುಲಭವಾಗಲಿಲ್ಲ. ಬ್ರಾಡ್‌ವೇಯಲ್ಲಿ ಹಾಡುವವರು ಬಹುಪಾಲು ಟಿಪ್ಸ್ ನಂಬಿಕೊಂಡಿದ್ದಾರೆ. ಹಾಡಿನ ನಡುವೆಯೇ ಬಕೆಟ್ ಹಿಡಿದು ಜನರ ನಡುವೆ ಬರುತ್ತಾರೆ. ಮದುವೆಗೆ ಮುಂಚಿನ ಪಾರ್ಟಿಗೆಂದು ಬಂದ ಹುಡುಗಿಯರ ಗುಂಪು ಕೂಗಿ ಕೇಳಿದ ಹಳೆ ಹಾಡನ್ನೇ ಮತ್ತೆ ಮತ್ತೆ ಹಾಡಬೇಕು. ತಮ್ಮದೇ ಹಾಡು ಹಾಡಲು ಅಲ್ಲಿ ಅವಕಾಶ ಕಡಿಮೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರು ಮಾಡುವ ಮುಂಚೆ ನುಡಿಸುತ್ತಿದ್ದ ಜೆಫರ್ಸನ್ ಸ್ಟ್ರೀಟ್ ಕಪ್ಪು ಜನರ ಸಂಗೀತದ ಬೀದಿಯಾಗಿತ್ತು. ಅರವತ್ತರ ದಶಕದ ಕೊನೆಯಲ್ಲಿ ಅದರ ನಡುವೆಯೇ ಹೆದ್ದಾರಿ ಹಾಯಿಸಿದರು. ಕ್ಲಬ್ಬುಗಳು ಹೋದವು, ಮನೆಗಳೂ ಹೋದವು. ರೈಮನ್ ಉಳಿಸಿದ ಊರೇ ಅದನ್ನು ಉಳಿಸಲಿಲ್ಲ.

ಹುಬ್ಬಳ್ಳಿ ಹತ್ತಿರದ ಕುಂದಗೋಳದ ಮಾತು ತೆಗೆದರೆ ನಾನು ಇನ್ನೂ ಮೆತ್ತಗಾಗುತ್ತೇನೆ. ಸವಾಯಿ ಗಂಧರ್ವರ ನೆನಪಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ನಡೆಯುವ ಗಾಯನದಂಥದ್ದು ನ್ಯಾಶ್‌ವಿಲ್‌ನಲ್ಲಿ ಇಲ್ಲ. ಅವರ ಶಿಷ್ಯರಾದ ಭೀಮಸೇನ ಜೋಶಿ, ಗಂಗೂಬಾಯಿ ಹಾಡಿದ ಜಾಗ ಅದು. ಹೊಲದಿಂದ ಬಂದ ರೈತ ಜಮಖಾನದ ಮೇಲೆ ಕೂತು, ತಾಳದ ಸಮ್ಮಿಗೆ ಸರಿಯಾಗಿ ತಲೆ ತೂಗುತ್ತಾನೆ. ಬೆಳಗಿನ ರಾಗ ಬರುವವರೆಗೂ ಏಳುವುದಿಲ್ಲ. ಬ್ಲೂಬರ್ಡಿನಲ್ಲಿ ಒಂದು ಆಟ ಮುಗಿದರೆ ಮುಂದಿನವರಿಗೆ ಕುರ್ಚಿ ಬಿಟ್ಟು ಎದ್ದು ಬರಬೇಕು. ಕೇಳುವ ಆಳದಲ್ಲಿ ನಮ್ಮ ಮಂದಿಯೇ ಮೇಲು. ಇದನ್ನು ಒಪ್ಪದೆ ವಿಧಿಯಿಲ್ಲ.

ಆದರೆ ಆ ರಾತ್ರಿ ಯಾವಾಗ ಅನ್ನುವುದು ಹೊಸಬನಿಗೆ ಹೇಗೆ ಗೊತ್ತಾಗಬೇಕು? ಕಾಕಾನ ಹತ್ತಿರ ನಾನು ಕೇಳಿರುವುದು ಇಷ್ಟೇ. ಧಾರವಾಡ, ಹುಬ್ಬಳ್ಳಿ, ಗದಗ, ಕುಂದಗೋಳದಲ್ಲಿ ಆ ತಿಂಗಳು ಎಲ್ಲೆಲ್ಲಿ ಗಾಯನ ಇದೆ, ಯಾರ ಮನೆ ಯಾವ ದಿನ ನೋಡಬಹುದು ಅಂತ ಒಂದು ಹಾಳೆಯಲ್ಲಿ ಬರೆಯಲಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ, ಕೆಳಗೆ ಒಂದು ಫೋನ್ ನಂಬರ್ ಇರಲಿ. ರೈಲ್ವೆ ಸ್ಟೇಷನ್ನಿನಲ್ಲಿ, ಲಾಡ್ಜುಗಳಲ್ಲಿ, ಪೇಡೆ ಅಂಗಡಿಯಲ್ಲಿ ಕೇಳಿಕೊಂಡು ಅಂಟಿಸಲಿ. ಪ್ರಿಂಟಿನ ಖರ್ಚು ನನ್ನದು. ಕಾಕಾ ಆಗಲಿ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ತಬಲಾ ಮಾಸ್ತರರ ನಂಬರ್ ಮಾತ್ರ ಕಳಿಸಿದ್ದಾನೆ, ಅವರ ಜೊತೆ ಮಾತಾಡು ಅಂತ.